ಹೊಸ ಕುರಿ ತಂದ ಮೇಲೆ ಮೊದಲ ಒಂದು ತಿಂಗಳು

ನಮ್ಮ ಶಿರಸಿ ಕಡೆ ಕುರಿ ಸಾಕುವವರು ಕಡಿಮೆ. ಕುರಿ ಅಂದರೆ ಬನವಾಸಿ ದಾಟಿದ ಮೇಲೆ, ಬಯಲಲ್ಲಿ ಕಾಣುವ ಪ್ರಾಣಿ ಅಂತಲೇ ನಾವು ಬೆಳೆದದ್ದು. ಈಗ ತೋಟಕ್ಕೆ ಹಿಕ್ಕೆ ಗೊಬ್ಬರ ಬೇಕು ಅಂತ ನಾಲ್ಕೋ ಆರೋ ಕುರಿ ಕಟ್ಟುವ ಮನೆಗಳು ಅಲ್ಲಲ್ಲಿ ಕಾಣುತ್ತಿವೆ. ಒಂದೆರಡು ವರ್ಷ ಆದ ಮೇಲೆ ಇನ್ನೆರಡು ತರೋಣ ಅನ್ನಿಸುತ್ತದೆ. ಈ ಲೇಖನ ಅಂಥವರಿಗೆ. ನನ್ನ ಹಾಗೆ ಅವಸರ ಮಾಡಬಾರದು ಅಂತಲೇ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಆರು ಕುರಿ ಇದ್ದವು. ಅಕ್ಟೋಬರ್ ಮೊದಲ ವಾರ, ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬಯಲುಸೀಮೆಯ ಒಂದು ಸಂತೆಯಿಂದ ಎರಡು ಹೆಣ್ಣುಕುರಿ ತಂದೆ. ಸಂಜೆ ಗಾಡಿಯಿಂದ ಇಳಿಸಿದವನೇ ನೇರ ಹಳೇ ಕುರಿಗಳ ಕೊಟ್ಟಿಗೆಗೆ ಬಿಟ್ಟೆ. ಪಾಪ, ಹೊಸ ಜಾಗ, ಜೊತೆ ಇರಲಿ ಅಂತ. ಹತ್ತನೇ ದಿನ ಹಳೇ ಕುರಿಯೊಂದು ಕುಂಟಿತು. ಮುಳ್ಳು ಹೊಕ್ಕಿರಬೇಕು ಅಂದುಕೊಂಡೆ. ಮತ್ತೆರಡು ದಿನಕ್ಕೆ ಇನ್ನೆರಡು ಕುಂಟಿದವು. ಹಿಡಿದು ಗೊರಸಿನ ಸಂದು ಬಿಡಿಸಿ ನೋಡಿದರೆ ಚರ್ಮ ಕೆಂಪಗೆ, ಹಸಿಹಸಿ. ಮೂಗು ಹತ್ತಿರ ಒಯ್ದರೆ ಕೊಳೆತ ವಾಸನೆ. ಕಾಲುಕೊಳೆ ರೋಗ. ಹೊಸದರಲ್ಲಿ ಒಂದರ ಹಿಂಗಾಲಲ್ಲೂ ಅದೇ ಇತ್ತು. ತರುವಾಗ ನಾನು ಕಾಲು ಎತ್ತಿ ನೋಡಿರಲೇ ಇಲ್ಲ. ದೀಪಾವಳಿ ಮುಗಿಯುವವರೆಗೂ ಎಂಟೂ ಕುರಿಗಳ ಕಾಲು ತೊಳೆದೆ. ಗಬ್ಬದ ಕುರಿಯೊಂದು ನಡೆದು ಮೇಯಲಾರದೆ ಸೊರಗಿತು. ಅದರ ಮರಿ ಉಳಿಯಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಜನವರಿ ಹೊತ್ತಿಗೆ ಆ ಹೊಸ ಎರಡೂ ಬಿಳಿಚಿಕೊಂಡವು. ಹಳೇ ಕುರಿಗಳು ಹೇಗೋ ತಾಳಿಕೊಂಡಿದ್ದ ನಮ್ಮ ಬೇಣದ (ತೋಟದ ಪಕ್ಕದ ಹುಲ್ಲುಗಾವಲಿನ) ಜಂತುಹುಳು ಇವುಗಳನ್ನು ಹಿಂಡಿಹಾಕಿತ್ತು. ಆಗ ನನಗೆ ಅರ್ಥವಾಯಿತು. ಬಂದ ಕುರಿಯಿಂದ ನಮ್ಮ ಕುರಿಗೆ ಎಷ್ಟು ಅಪಾಯವೋ, ನಮ್ಮ ನೆಲದಿಂದ ಬಂದ ಕುರಿಗೂ ಅಷ್ಟೇ ಅಪಾಯ. ಹಾವೇರಿ ಕಡೆ ಬೀಳುವ ಮಳೆಗಿಂತ ನಮ್ಮಲ್ಲಿ ಎಷ್ಟೋ ಪಟ್ಟು ಜಾಸ್ತಿ. ಕಾರವಾರ, ಹೊನ್ನಾವರದ ಕರಾವಳಿಯಲ್ಲಂತೂ ವರ್ಷಕ್ಕೆ ಸುಮಾರು 3000 ಮಿಲಿಮೀಟರ್. ಒಣ ನೆಲದಲ್ಲಿ ಹುಟ್ಟಿದ ಪ್ರಾಣಿಗೆ ಇದು ಬೇರೆಯೇ ಲೋಕ. ಹಾಗಾಗಿ ಒಂದು ತಿಂಗಳು ಬೇರೆ ಇಡುವುದು ಎರಡೂ ಕಡೆಯವರ ಒಳ್ಳೆಯದಕ್ಕೆ.

ಯಾವಾಗ, ಎಷ್ಟು

ದೀಪಾವಳಿ ಕಳೆದ ಮೇಲೆ ತನ್ನಿ. ಡಿಸೆಂಬರ್, ಜನವರಿ ಬಹಳ ಒಳ್ಳೆಯದು. ನೆಲ ಒಣಗಿರುತ್ತದೆ, ಮುಂದಿನ ಮಳೆಗೆ ಮುಂಚೆ ನಾಲ್ಕೈದು ತಿಂಗಳು ಸಿಗುತ್ತದೆ. ಮೇ ಕೊನೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತಂದು, ಜೂನ್ ಮಳೆಗೆ ಒಡ್ಡಬೇಡಿ.

ಒಂದೇ ಕುರಿ ತರಬೇಡಿ. ಎರಡಾದರೂ ಇರಲಿ, ಒಂದೇ ಹಿಂಡಿನವಾದರೆ ಇನ್ನೂ ಒಳ್ಳೆಯದು. ಒಂಟಿ ಕುರಿ ಮೇವು ಬಿಟ್ಟು ಇಡೀ ದಿನ ಕೂಗುತ್ತದೆ, ಬೇಲಿ ಹಾರಲು ನೋಡುತ್ತದೆ. ಬೇರೆ ಇಡುವ ತಿಂಗಳು ಅದಕ್ಕೂ ಕಷ್ಟ, ನಿಮಗೂ ಕಷ್ಟ. ಜೊತೆ ಬಂದ ಎರಡು ಕುರಿಗಳು ಹಳೇ ಹಿಂಡಿಗೆ ಸೇರಿದ ಮೇಲೂ ಬಹಳ ದಿನ ಒಂದಕ್ಕೊಂದು ಆಸರೆಯಾಗಿರುತ್ತವೆ. ಗಬ್ಬದ ಕುರಿಯಾದರೆ ಕೊನೆಯ ಎರಡು ತಿಂಗಳಲ್ಲಿ ಸಾಗಿಸಬೇಡಿ. ಕುರಿಯ ಗಬ್ಬ ಸುಮಾರು 150 ದಿನ.

ಕೊಳ್ಳುವ ಮುಂಚೆ

ಸಂತೆಗಿಂತ ಸಾಕಿದವರ ದೊಡ್ಡಿಗೇ ಹೋಗಿ ತರುವುದು ನನಗೆ ಇಷ್ಟ. ಅಲ್ಲಿ ಉಳಿದ ಕುರಿಗಳನ್ನೂ ನೋಡಬಹುದು. ಹಿಂಡಿನಲ್ಲಿ ಒಂದು ಕುಂಟುತ್ತಿದ್ದರೂ, ಮುಂಗಾಲು ಮಡಚಿ ಮೊಣಕಾಲ ಮೇಲೆ ಮೇಯುತ್ತಿದ್ದರೂ ವಾಪಸ್ ಬನ್ನಿ. ನಿಮಗೆ ತೋರಿಸಿದ ಕುರಿ ಚೆನ್ನಾಗಿದ್ದರೂ ಸರಿಯೇ.

ಹಲ್ಲು ನೋಡುವುದು ಎಲ್ಲರಿಗೂ ಗೊತ್ತು. ಎರಡು ಹಲ್ಲು ಇದ್ದರೆ ಸುಮಾರು ಒಂದರಿಂದ ಒಂದೂವರೆ ವರ್ಷ. ಆದರೆ ಬಾಯಿ ನೋಡಿದಷ್ಟೇ ಹೊತ್ತು ಕಾಲನ್ನೂ ನೋಡಿ. ನಾಲ್ಕೂ ಗೊರಸು ಎತ್ತಿ, ಸಂದಿಗೆ ಬೆರಳು ಹಾಕಿ, ಆ ಬೆರಳನ್ನು ಮೂಸಿ. ಆಮೇಲೆ ಕಣ್ಣಿನ ಕೆಳರೆಪ್ಪೆ ಮೆಲ್ಲಗೆ ಜಗ್ಗಿ ಒಳಬಣ್ಣ ನೋಡಿ. ಕೆಂಪಗಿದ್ದರೆ ಸರಿ, ಬೆಳ್ಳಗಿದ್ದರೆ ಮೈಯಲ್ಲಿ ರಕ್ತ ಇಲ್ಲ. ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಬಾವು ಇದ್ದರೆ ಜಂತು ಜೋರಾಗಿದೆ ಅಂತ. ಮೂಗು ಸೋರುವುದು, ತುಟಿ ಸುತ್ತ ಹಕ್ಕಳೆ, ಬಾಲದ ಬುಡದಲ್ಲಿ ಮೆತ್ತಿದ ಹಿಕ್ಕೆ, ಕೆಚ್ಚಲಲ್ಲಿ ಗಂಟು, ಇವನ್ನೂ ಬಿಡಬೇಡಿ. ಪಿಪಿಆರ್ (ಕುರಿ, ಮೇಕೆಗಳಿಗೆ ಬರುವ ಮಾರಕ ಅಂಟುರೋಗ) ಲಸಿಕೆ ಆಗಿದೆಯಾ, ಯಾವಾಗ ಆಯಿತು ಅಂತ ಕೇಳಿ ಬರೆದುಕೊಳ್ಳಿ.

ಕೊಟ್ಟವರ ಹತ್ತಿರ ಒಂದು ಚೀಲ ಮೇವನ್ನೂ ಕೇಳಿ ತನ್ನಿ. ಶೇಂಗಾ ಹೊಟ್ಟೋ, ಜೋಳದ ಕಣಿಕೆಯೋ, ಅಲ್ಲಿ ಏನು ತಿನ್ನುತ್ತಿತ್ತೋ ಅದು. ಇದನ್ನು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಗಾಡಿ

ರಾತ್ರಿ ಅಥವಾ ಬೆಳಗಿನ ಜಾವ ತರುವುದು ಒಳ್ಳೆಯದು. ಗಾಡಿಯ ತಗಡಿನ ಮೇಲೆ ಕುರಿ ಜಾರುತ್ತದೆ. ಕೆಳಗೆ ಮರಳು ಹಾಕಿ, ಮೇಲೆ ಹುಲ್ಲು ಹಾಸಿ. ಅರಬೈಲು ಘಾಟಿಯಲ್ಲೋ ದೇವಿಮನೆ ಘಾಟಿಯಲ್ಲೋ ಇಳಿಯುವಾಗ ತಿರುವುಗಳಲ್ಲಿ ಕುರಿಗಳು ಒಂದರ ಮೇಲೊಂದು ಬೀಳುತ್ತವೆ. ಗಾಡಿಯಲ್ಲಿ ಜಾಗ ಜಾಸ್ತಿ ಇದ್ದರೆ ಹಲಗೆ ಅಡ್ಡಕೊಟ್ಟು ಸಣ್ಣದು ಮಾಡಿ. ಕಾಲು ಕಟ್ಟಿ ಮಲಗಿಸಬೇಡಿ. ಕರಾವಳಿಗೆ ಇಳಿದ ಕೂಡಲೇ ಸೆಖೆ ಹೊಡೆಯುತ್ತದೆ. ಇಳಿಸಿದ ತಕ್ಷಣ ನೆರಳು, ನೀರು ಸಿಗಲಿ. ಹಿಂಡಿ, ಕಾಳು ಆ ದಿನ ಬೇಡ.

ಬೇರೆ ದೊಡ್ಡಿ

ಹೊಸ ಕುರಿಗಳ ಜಾಗ ಹಳೇ ಕೊಟ್ಟಿಗೆಯಿಂದ ಕಡಿಮೆ ಅಂದರೂ ಮೂವತ್ತು ಹೆಜ್ಜೆ ದೂರ ಇರಲಿ. ಅಲ್ಲಿಯ ಉಚ್ಚೆ, ನೀರು ಹಳೇ ಕುರಿಗಳ ಕಡೆ ಹರಿಯಬಾರದು. ದೊಡ್ಡ ಖರ್ಚು ಬೇಡ. ಹಳೇ ಸೌದೆ ಕೊಟ್ಟಿಗೆ ಸಾಕು. ನಾನು ನೆಲದಿಂದ ಎರಡು ಅಡಿ ಎತ್ತರಕ್ಕೆ ಅಡಿಕೆ ದಬ್ಬೆಯ (ಅಡಿಕೆ ಮರ ಸೀಳಿದ ಪಟ್ಟಿಯ) ಅಟ್ಟಣಿಗೆ ಕಟ್ಟಿಕೊಂಡಿದ್ದೇನೆ. ದಬ್ಬೆಗಳ ನಡುವೆ ಕಿರುಬೆರಳ ದಪ್ಪದಷ್ಟು ಸಂದು ಬಿಟ್ಟರೆ ಹಿಕ್ಕೆ ಕೆಳಗೆ ಬೀಳುತ್ತದೆ, ಮರಿಯ ಕಾಲೂ ಸಿಕ್ಕುವುದಿಲ್ಲ. ದಬ್ಬೆ ಹಳತಾದರೆ ಕುಂಬಾಗಿ ಮುರಿಯುತ್ತದೆ. ಹೊಸ ಕುರಿ ಬರುವ ಮುಂಚೆ ಒಂದೊಂದನ್ನೂ ಕಾಲಲ್ಲಿ ತುಳಿದು ನೋಡಿ. ನೆಲದ ಮೇಲೇ ಕಟ್ಟುವುದಾದರೆ ದರಕು (ಒಣಗಿದ ಎಲೆ) ಹಾಸಿ, ಒದ್ದೆ ಆದದ್ದನ್ನು ದಿನವೂ ತೆಗೆಯಿರಿ. ಒಂದು ಕುರಿಗೆ ಹತ್ತು ಹನ್ನೆರಡು ಚದರ ಅಡಿ ಜಾಗ ಬೇಕು. ಬಾಗಿಲು ಭದ್ರ ಇರಲಿ. ಚಿರತೆ, ನಾಯಿ ಎರಡೂ ಹೊಸ ವಾಸನೆಗೆ ಬೇಗ ಬರುತ್ತವೆ.

ಬಕೆಟ್, ಬುಟ್ಟಿ, ಪೊರಕೆ ಎಲ್ಲ ಬೇರೆ. ಮೇವು ಹಾಕುವಾಗ ಮೊದಲು ಹಳೇ ಕುರಿಗಳದ್ದು, ಕೊನೆಗೆ ಹೊಸವುಗಳದ್ದು. ಆಮೇಲೆ ಕೈಕಾಲು, ಚಪ್ಪಲಿ ಸೋಪು ಹಾಕಿ ತೊಳೆಯಿರಿ. ತುಟಿಯ ಮೇಲೆ ಹಕ್ಕಳೆ ಬರುವ ಆರ್ಫ್ ಅನ್ನುವ ಬಾಯಿಹುಣ್ಣು ಮನುಷ್ಯರ ಕೈಗೂ ಹತ್ತುತ್ತದೆ. ಅನುಮಾನ ಬಂದರೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನು ಬಿಡಬೇಡಿ.

ನಾಲ್ಕು ವಾರ ಮಾಡುವ ಕೆಲಸ

ಮೊದಲ ಮೂರು ದಿನ ಸುಮ್ನೆ ಬಿಡಿ. ತಂದ ಹಳೇ ಮೇವು, ಶುದ್ಧ ನೀರು, ನೆರಳು. ಔಷಧ, ಲಸಿಕೆ ಯಾವುದೂ ಬೇಡ. ಬೆಳಿಗ್ಗೆ ಸಂಜೆ ಜ್ವರ ನೋಡಿ. 102ರಿಂದ 104 ಡಿಗ್ರಿ ಫ್ಯಾರನ್‌ಹೀಟ್ ಒಳಗೆ ಇದ್ದರೆ ಸರಿ. ಅದಕ್ಕಿಂತ ಜಾಸ್ತಿ ಇದ್ದು, ಮೂಗು ಕಣ್ಣು ಸೋರಿ, ಭೇದಿ ಶುರುವಾದರೆ ಪಿಪಿಆರ್ ಅನುಮಾನ. ಪಶು ಆಸ್ಪತ್ರೆಗೆ ತಕ್ಷಣ ತಿಳಿಸಿ. ಸಂಚಾರಿ ಪಶು ಆಂಬ್ಯುಲೆನ್ಸ್‌ಗೆ 1962ಕ್ಕೆ ಫೋನ್ ಮಾಡಬಹುದು.

ನಾಲ್ಕನೇ ದಿನ ಒಂದು ಮುಷ್ಟಿ ಹೊಸ ಹಿಕ್ಕೆ ಪ್ಲಾಸ್ಟಿಕ್ ಕವರಿಗೆ ಹಾಕಿ ಪಶು ಆಸ್ಪತ್ರೆಗೆ ಒಯ್ಯಿರಿ. ಯಾವ ಜಂತು ಅಂತ ನೋಡಿ ಔಷಧ ಕೊಡುತ್ತಾರೆ. ಈ ವಿಷಯಕ್ಕೆ ನಾನು ಜಾಸ್ತಿ ಒತ್ತು ಕೊಡುತ್ತೇನೆ, ಯಾಕೆಂದರೆ ನಮ್ಮ ಮಲೆನಾಡಲ್ಲಿ ಕುರಿಯ ದೊಡ್ಡ ಶತ್ರು ಹೊಟ್ಟೆಯ ರಕ್ತ ಹೀರುವ ಹುಳು. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕುಡಿಯುತ್ತದೆ. ಕೇಳಲು ಏನೂ ಅಲ್ಲ. ಆದರೆ ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿಲಿ. ಸಾವಿರ ಹುಳು ದೊಡ್ಡ ಸಂಖ್ಯೆಯೂ ಅಲ್ಲ. ಬೆಚ್ಚಗಿನ ತೇವದಲ್ಲಿ ಹಿಕ್ಕೆಯಲ್ಲಿರುವ ಮೊಟ್ಟೆ ಒಂದು ವಾರದೊಳಗೆ ಮರಿಯಾಗಿ ಹುಲ್ಲಿನ ಮೇಲೆ ಹತ್ತುತ್ತದೆ.

ಔಷಧವನ್ನು ಕುರಿಯ ತೂಕ ನೋಡಿಯೇ ಹಾಕಬೇಕು. ಅಂದಾಜಿಗೆ ಕಡಿಮೆ ಹಾಕಿದರೆ ಗಟ್ಟಿ ಹುಳುಗಳು ಉಳಿದು, ಅವುಗಳ ಸಂತಾನವೇ ನಿಮ್ಮ ಬೇಣ ತುಂಬುತ್ತದೆ. ಗಬ್ಬ ಕಟ್ಟಿದೆ ಅನ್ನುವ ಅನುಮಾನ ಇದ್ದರೆ ಡಾಕ್ಟರಿಗೆ ಹೇಳಿ. ಆಲ್ಬೆಂಡಜೋಲ್ ಗಬ್ಬದ ಮೊದಲ ತಿಂಗಳಲ್ಲಿ ಕೂಡದು. ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತಬೇಡಿ, ಔಷಧ ಶ್ವಾಸಕೋಶಕ್ಕೆ ಹೋಗುತ್ತದೆ. ಮೂತಿ ನೆಲಕ್ಕೆ ಸಮ ಇರಲಿ. ಬಾಯಿಯ ಮೂಲೆಯಿಂದ ನಾಲಿಗೆಯ ಹಿಂದೆ ನಿಧಾನ ಬಿಡಿ, ನುಂಗುವವರೆಗೆ ಕಾಯಿರಿ. ಆಮೇಲೆ ಎರಡು ದಿನ ಕೊಟ್ಟಿಗೆಯಲ್ಲೇ ಇರಲಿ. ಆ ಎರಡು ದಿನದ ಹಿಕ್ಕೆಯನ್ನು ಬೇಣಕ್ಕೆ ಹಾಕದೆ ಗೊಬ್ಬರಗುಂಡಿಯ ಒಳಗೆ ಮುಚ್ಚಿ. ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಹಿಕ್ಕೆ ಪರೀಕ್ಷೆ ಮಾಡಿಸಿದರೆ ಔಷಧ ಹಿಡಿಯಿತೋ ಇಲ್ಲವೋ ಗೊತ್ತಾಗುತ್ತದೆ. ಈ ಎರಡನೇ ಪರೀಕ್ಷೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಲಸಿಕೆಯೂ ಈ ಮೊದಲ ವಾರದಲ್ಲೇ. ಪಿಪಿಆರ್ ಲಸಿಕೆ ಒಮ್ಮೆ ಹಾಕಿದರೆ ಸುಮಾರು ಮೂರು ವರ್ಷ ಕಾಯುತ್ತದೆ, ಆದರೆ ಮೈಯಲ್ಲಿ ಶಕ್ತಿ ಬರಲು ಎರಡು ವಾರವಾದರೂ ಬೇಕು. ಒಂದು ತಿಂಗಳು ಬೇರೆ ಇಡುವುದಕ್ಕೆ ಇದೂ ಒಂದು ಕಾರಣ. ಕರುಳುಬೇನೆ ಲಸಿಕೆ ಮೊದಲ ಸಲ ಆದರೆ ಎರಡು ಮೂರು ವಾರಕ್ಕೆ ಇನ್ನೊಂದು ಡೋಸ್ ಬೇಕು.

ಇನ್ನು ಕಾಲು. ವಾರಕ್ಕೊಮ್ಮೆ ಗೊರಸಿನ ಸ್ನಾನ ಮಾಡಿಸಿ. ಗದ್ದೆಗೆ ಹಾಕಲು ಅಂತ ತರುವ ಜಿಂಕ್ ಸಲ್ಫೇಟ್ ಒಂದು ಕೆಜಿ, ನೀರು ಹತ್ತು ಲೀಟರ್. ಅಗಲವಾದ ತೊಟ್ಟಿಯಲ್ಲಿ ನಾಲ್ಕು ಬೆರಳು ಎತ್ತರಕ್ಕೆ ಹಾಕಿ, ಕುರಿಯನ್ನು ಹತ್ತು ನಿಮಿಷ ನಿಲ್ಲಿಸಿ, ಆಮೇಲೆ ಒಣ ದಬ್ಬೆಯ ಮೇಲೆ ಒಂದು ಗಂಟೆ ಬಿಡಿ. ಕಾಲುಕೊಳೆಯ ರೋಗಾಣು ಗೊರಸು ಬಿಟ್ಟು ಮಣ್ಣಲ್ಲಿ ಒಂದೆರಡು ವಾರಕ್ಕಿಂತ ಜಾಸ್ತಿ ಬದುಕುವುದಿಲ್ಲ. ಕಾಯಿಲೆ ಕಂಡರೆ ಆ ಜಾಗವನ್ನು ಎರಡು ವಾರ ಖಾಲಿ ಬಿಟ್ಟರೆ ಸಾಕು.

ಇಲ್ಲಿ ಅಡಿಕೆ ಬೆಳೆಗಾರರಿಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಯಾವಾಗಲೂ ಇರುತ್ತದೆ. ಗೊರಸಿನ ಸ್ನಾನಕ್ಕೆ ಅದನ್ನೇ ಹಾಕೋಣ ಅನ್ನಿಸುತ್ತದೆ, ಹಾಕುವವರೂ ಇದ್ದಾರೆ. ಕುರಿಗೆ ತಾಮ್ರ ಆಗುವುದಿಲ್ಲ. ದನ ತಾಳಿಕೊಳ್ಳುವಷ್ಟು ತಾಮ್ರ ಕುರಿಯ ಪಿತ್ತಜನಕಾಂಗದಲ್ಲಿ ಸೇರುತ್ತಾ ಹೋಗಿ, ಒಂದು ದಿನ ಇದ್ದಕ್ಕಿದ್ದ ಹಾಗೆ ಉಚ್ಚೆ ಕೆಂಪು ಕಪ್ಪಾಗಿ, ಕಣ್ಣು ಹಳದಿಯಾಗಿ ಕುರಿ ಬೀಳುತ್ತದೆ. ಆ ಹೊತ್ತಿಗೆ ಉಳಿಸುವುದು ಬಹಳ ಕಷ್ಟ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ಮರದ ಬುಡದ ಹುಲ್ಲಿನ ಮೇಲೂ ಅದು ಬಿದ್ದಿರುತ್ತದೆ. ಆ ಹುಲ್ಲು ಕೊಯ್ದು ಕುರಿಗೆ ಹಾಕಬೇಡಿ, ಆ ತೋಟಕ್ಕೆ ಕುರಿ ಬಿಡಬೇಡಿ. ದನಕ್ಕೆ ತಂದ ಖನಿಜ ಪುಡಿಯಲ್ಲೂ ತಾಮ್ರ ಇರುತ್ತದೆ. ಕುರಿಯದ್ದೇ ಬೇರೆ ಸಿಗುತ್ತದೆ, ಅದನ್ನೇ ಕೊಡಿ. ಕೊಳೆ ಔಷಧ ಕಲಸಿದ ಬ್ಯಾರಲ್‌ನಿಂದ ನೀರು ಕುಡಿಸುವುದಂತೂ ಬೇಡವೇ ಬೇಡ.

ಮೇವನ್ನು ಎಂಟು ಹತ್ತು ದಿನದಲ್ಲಿ ಬದಲಿಸಿ. ಮೊದಲು ಮುಕ್ಕಾಲು ಪಾಲು ಅವರ ಹೊಟ್ಟು, ಕಾಲು ಪಾಲು ನಮ್ಮ ಕರಡ (ಬೇಣದ ಒಣಹುಲ್ಲು), ಭತ್ತದ ಹುಲ್ಲು. ಆಮೇಲೆ ದಿನದಿಂದ ದಿನಕ್ಕೆ ನಮ್ಮದು ಜಾಸ್ತಿ. ಹಲಸಿನ ಸೊಪ್ಪನ್ನು ಎಲ್ಲವೂ ಆಸೆಯಿಂದ ತಿನ್ನುತ್ತವೆ. ನಮ್ಮ ಕಾಡಂಚಿನ ಲಂಟಾನ ಬಯಲಿನ ಕುರಿಗೆ ಹೊಸದು. ಹಸಿವಿನಲ್ಲಿ ಅದನ್ನು ತಿಂದರೆ ಕಾಮಾಲೆಯಾಗುತ್ತದೆ, ಬಿಸಿಲು ತಾಗಿದ ಕಡೆ ಚರ್ಮ ಸುಟ್ಟ ಹಾಗಾಗುತ್ತದೆ. ಕಣಗಿಲೆ, ಮರಗೆಣಸಿನ ಹಸಿ ಎಲೆ ಕೂಡ ವಿಷ.

ಉಣುಗು ನೋಡಲು ಮರೆಯಬೇಡಿ. ಕಿವಿಯ ಒಳಗೆ, ಬಾಲದ ಕೆಳಗೆ, ತೊಡೆಯ ಸಂದಿಯಲ್ಲಿ. ಶಿವಮೊಗ್ಗದ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ಸಿದ್ದಾಪುರ, ಹೊನ್ನಾವರ ಕಡೆಯೂ ಜನರನ್ನು ತಿಂದಿದೆ. ಅದನ್ನು ಹರಡುವುದು ಕಾಡಿನ ಉಣುಗು. ನವೆಂಬರ್‌ನಿಂದ ಮೇವರೆಗೆ ಅದರ ಕಾಲ, ಕುರಿ ತರುವ ಕಾಲವೂ ಅದೇ. ಹೊಸ ಕುರಿಯನ್ನು ಕಾಡಿಗೆ ಅಟ್ಟಬೇಡಿ. ಸೊಪ್ಪಿಗೆ ಹೋಗುವ ನೀವೂ ಮೈತುಂಬ ಬಟ್ಟೆ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ.

ಮಾರಿ ಗುರುತು

ಭತ್ತ ಕೊಯ್ದ ಮೇಲೆ ಬನವಾಸಿ ಕಡೆಯ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಲು ಬಯಲಿನ ಕುರಿಗಾರರು ಬರುತ್ತಾರೆ. ಅವರಲ್ಲಿ ಒಬ್ಬ ಹಿರಿಯರಿಗೆ ನನ್ನ ಕಷ್ಟ ಹೇಳಿದ್ದೆ. "ತಮ್ಮಾ, ಮೊದ್ಲ ಮಾರಿ ಗುರ್ತ ಆಗ್ಲಿ, ಆಮ್ಯಾಲ ಕೂಡ್ಸು" ಅಂದರು. ಮಾರಿ ಅಂದರೆ ಅವರ ಮಾತಿನಲ್ಲಿ ಮುಖ. ಕುರಿ ಮುಖ ನೆನಪಿಡುತ್ತದೆ ಅನ್ನುವುದು ಬರೀ ಮಾತಲ್ಲ. ಇಂಗ್ಲೆಂಡಿನ ಬಾಬ್ರಹಾಂ ಸಂಸ್ಥೆಯವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುರಿಗಳು 50 ಬೇರೆ ಕುರಿಗಳ ಮುಖವನ್ನು ಎರಡು ವರ್ಷದವರೆಗೂ ನೆನಪಿಟ್ಟುಕೊಂಡಿದ್ದವು.

ಹಾಗಾಗಿ ನಾಲ್ಕನೇ ವಾರ, ಎಲ್ಲ ಪರೀಕ್ಷೆ ಸರಿ ಬಂದ ಮೇಲೆ, ಹೊಸವನ್ನು ಹಳೇ ಕೊಟ್ಟಿಗೆಯ ಪಕ್ಕಕ್ಕೆ ತನ್ನಿ. ನಡುವೆ ದಬ್ಬೆಯ ತಡಿಕೆ. ಮುಖ ಕಾಣಬೇಕು, ಮೂಗು ತಾಗಬೇಕು, ತಲೆ ತೂರಬಾರದು. ಎರಡೂ ಕಡೆ ಮೇವನ್ನು ತಡಿಕೆಯ ಬುಡಕ್ಕೇ ಹಾಕಿ, ಎದುರುಬದುರು ತಿನ್ನಲಿ.

ನಮ್ಮಲ್ಲಿ ಹಿರೇ ಕುರಿ ಒಂದಿದೆ, ಎಡಗಿವಿ ಹರಿದದ್ದು. ಮೊದಲ ದಿನ ಅದು ತಡಿಕೆ ಹತ್ತಿರ ಬಂದು ಮುಂಗಾಲು ನೆಲಕ್ಕೆ ಕುಟ್ಟಿತು. ಎರಡನೇ ದಿನ ಮೂಗು ಚಾಚಿ ಮೂಸಿ, ಒಂದು ಸಲ ದಬ್ಬೆಗೆ ಗುದ್ದಿ ಹೋಯಿತು. ನಾಲ್ಕನೇ ದಿನ ಸಂಜೆ ನಾನು ಹುಲ್ಲು ತಂದಾಗ, ತಡಿಕೆಗೆ ಬೆನ್ನು ಕೊಟ್ಟು ಮಲಗಿ ಮೆಲುಕು ಹಾಕುತ್ತಿತ್ತು. ಆಚೆ ಬದಿ ಹೊಸದೂ ಹಾಗೇ ಮಲಗಿತ್ತು. ಇಬ್ಬರ ಬೆನ್ನ ನಡುವೆ ದಬ್ಬೆ ಒಂದೇ. ಕುರಿ ಹೆದರಿಕೆಯಲ್ಲಿ ಮೆಲುಕು ಹಾಕುವುದಿಲ್ಲ. ನಾನು ಕಾಯುವುದು ಇದನ್ನೇ. ನಾಲ್ಕು ದಿನಕ್ಕೂ ಆಗಬಹುದು, ಎಂಟು ದಿನವೂ ಹಿಡಿಯಬಹುದು.

ಬೆರೆಸುವ ದಿನ

ಬೆಳಿಗ್ಗೆ, ಹೊಟ್ಟೆ ತುಂಬಿದ ಮೇಲೆ, ಬಯಲಲ್ಲಿ ಬೆರೆಸಿ. ಕೊಟ್ಟಿಗೆಯಲ್ಲಿ ಬೇಡ, ಸಂಜೆ ಅಂತೂ ಬೇಡ. ಓಡಲು ಜಾಗ ಇದ್ದರೆ ಅರ್ಧ ಜಗಳ ತಾನೇ ಕಡಿಮೆ. ಇಬ್ಬನಿ ಆರಿದ ಮೇಲೆ ಬೇಣಕ್ಕೆ ಬಿಡಿ, ಜಂತುಮರಿಗಳು ಒದ್ದೆ ಹುಲ್ಲಿನಲ್ಲೇ ಜಾಸ್ತಿ. ಹೊಸವನ್ನು ಮೊದಲು ಬಿಟ್ಟು ಬೇಲಿ ಎಲ್ಲಿದೆ ಅಂತ ಸುತ್ತಿ ಬರಲು ಅರ್ಧ ಗಂಟೆ ಕೊಡಿ, ಆಮೇಲೆ ಹಳೆಯವನ್ನು ಬಿಡಿ.

ಮೂಸುವುದು, ಅಟ್ಟುವುದು, ಒಂದೆರಡು ಗುದ್ದು, ಇದೆಲ್ಲ ಇದ್ದದ್ದೇ. ನಡುವೆ ಹೋಗಬೇಡಿ. ಒಂದೇ ಕುರಿಯನ್ನು ಮೂಲೆಗೆ ಒತ್ತಿ ಎಲ್ಲ ಸೇರಿ ಗುದ್ದುತ್ತಿದ್ದರೆ, ಅದು ಬಾಯಿ ತೆರೆದು ಏದುತ್ತಿದ್ದರೆ, ಬೇರೆ ಮಾಡಿ. ಅಂಥ ಹೊತ್ತಿನಲ್ಲಿ ನಾನು ಗುದ್ದುವ ಕುರಿಯನ್ನೇ ಎರಡು ದಿನ ಬೇರೆ ಕಟ್ಟುತ್ತೇನೆ. ವಾಪಸ್ ಬಂದಾಗ ಅದರ ಜೋರು ಇಳಿದಿರುತ್ತದೆ.

ಜಗಳ ಹೆಚ್ಚಾಗುವುದು ಗೋದಲಿಯಲ್ಲಿ. ಒಂದು ಕುರಿಗೆ ಒಂದು ಮೊಳ ಜಾಗ ಬೇಕು. ಅಷ್ಟಿಲ್ಲದಿದ್ದರೆ ಮೇವನ್ನು ಮೂರು ನಾಲ್ಕು ಕಡೆ ಹಾಕಿ, ಕುರಿಗಳಿಗಿಂತ ಒಂದು ಗುಡ್ಡೆ ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು. ನೀರೂ ಎರಡು ಕಡೆ. ಮರಿ ಇರುವ ತಾಯಿಯನ್ನು ಆ ವಾರ ಬೇರೆ ಇಡಿ. ತಾಯಿ ತನ್ನದಲ್ಲದ ಮರಿಯನ್ನು ಗುದ್ದುತ್ತದೆ, ಎಳೆಮರಿಯ ಪಕ್ಕೆಲುಬು ಮುರಿಯಲು ಒಂದು ಗುದ್ದು ಸಾಕು.

ಟಗರು

ಟಗರಿನ ವಿಷಯ ಬೇರೆ. ಹತ್ತು ಹೆಣ್ಣುಕುರಿಗೆ ಎರಡು ಟಗರು ಬೇಕಾಗಿಯೇ ಇಲ್ಲ, ಒಂದು ಟಗರು ಇಪ್ಪತ್ತೈದಕ್ಕೆ ಸಾಕು. ತನ್ನ ಹೆಣ್ಣುಮರಿಗಳಿಗೇ ಹಾಯಬಾರದು ಅಂತ ಎರಡು ವರ್ಷಕ್ಕೊಮ್ಮೆ ಟಗರು ಬದಲಿಸುವುದಾದರೆ ಹಳೆಯದನ್ನು ಕೊಟ್ಟ ಮೇಲೆಯೇ ಹೊಸದನ್ನು ಬಿಡಿ.

ಎರಡು ಇಡಲೇಬೇಕು ಅಂದರೆ ಬಯಲಲ್ಲಿ ಎದುರುಬದುರು ಬಿಡಬೇಡಿ. ಟಗರು ಹಿಂದೆ ಸರಿದು ಓಡಿ ಬಂದು ಹಾಯುತ್ತದೆ. ಕುತ್ತಿಗೆ ಮುರಿದು ಅಲ್ಲೇ ಸಾಯುವುದೂ ಉಂಟು. ಎರಡನ್ನೂ ನಿಲ್ಲಲು, ಮಲಗಲು ಮಾತ್ರ ಜಾಗ ಇರುವ ಇಕ್ಕಟ್ಟಾದ ಗೂಡಿನಲ್ಲಿ ಎರಡು ದಿನ ಒಟ್ಟಿಗೆ ಇಡಿ. ಹಿಂದೆ ಸರಿಯಲು ಜಾಗವಿಲ್ಲದಿದ್ದರೆ ಹಾಯಲು ಆಗುವುದಿಲ್ಲ, ಒತ್ತಾಡಿ ಸುಮ್ಮನಾಗುತ್ತವೆ. ಬಿಸಿಲಿನ ಹೊತ್ತಿನಲ್ಲಿ ನೀರು, ಗಾಳಿ ನೋಡಿಕೊಳ್ಳಿ. ಬಿಟ್ಟ ಮೇಲೂ ಒಂದೆರಡು ದಿನ ಹಳೇ ಟೈರ್, ಮರದ ತುಂಡು ಅಂಗಳದಲ್ಲಿ ಅಡ್ಡಾದಿಡ್ಡಿ ಹಾಕಿದರೆ ಓಟಕ್ಕೆ ದಾರಿ ಸಿಗುವುದಿಲ್ಲ. ಕೊಂಬು ಇರುವ ಟಗರನ್ನು ಬೋಳು ಟಗರಿನ ಜೊತೆ ಸೇರಿಸಲೇಬೇಡಿ.

ಬೆರೆತ ಮೇಲೆ

ಎರಡು ವಾರ, ಸಂಜೆ ಕೊಟ್ಟಿಗೆಯಲ್ಲಿ ಹತ್ತು ನಿಮಿಷ ಕೂತು ನೋಡಿ. ಎಲ್ಲಿ ಮಲಗುತ್ತವೆ, ಯಾವುದು ನಿಂತೇ ಇದೆ, ಯಾವುದರ ಎಡಹೊಟ್ಟೆ ಒಳಗೆ ಇಳಿದಿದೆ. ಹೊಟ್ಟೆ ಇಳಿದಿದ್ದರೆ ಉಳಿದವು ಅದನ್ನು ಮೇವಿಗೆ ಬಿಡುತ್ತಿಲ್ಲ ಅಂತ. ಅದಕ್ಕೆ ಬೇರೆ ಬುಟ್ಟಿಯಲ್ಲಿ ಕೊಡಿ. ವಾರಕ್ಕೊಮ್ಮೆ ಎಲ್ಲದರ ಕಣ್ರೆಪ್ಪೆ, ಗೊರಸು ನೋಡಿ, ಹೊಸದು ಹಳೆಯದು ಅನ್ನದೆ. ಹುಲ್ಲು ನಾಲ್ಕು ಬೆರಳಿಗಿಂತ ಕೆಳಗೆ ಇಳಿದ ಕಡೆ ಮೇಯಿಸಬೇಡಿ. ಜಂತುಮರಿಗಳು ಹುಲ್ಲಿನ ಬುಡದಲ್ಲೇ ಕಿಕ್ಕಿರಿದಿರುತ್ತವೆ. ಗದ್ದೆಯ ಕಾಲುವೆ ಬದಿಯಲ್ಲಿ ಬಸವನಹುಳು ಇದ್ದರೆ ಅಲ್ಲಿಗೂ ಬೇಡ, ಪಿತ್ತಜನಕಾಂಗದ ಹುಳು ಅದರಿಂದಲೇ ಬರುತ್ತದೆ.

ಮೇ ಮೊದಲ ವಾರ ಉಣ್ಣೆ ಕತ್ತರಿಸಿಬಿಡಿ. ಒದ್ದೆ ಉಣ್ಣೆ ಹೊತ್ತ ಕುರಿ ಮಳೆಗಾಲ ತಾಳುವುದಿಲ್ಲ. ಮಳೆಗೆ ಮುಂಚೆ ಇನ್ನೊಮ್ಮೆ ಹಿಕ್ಕೆ ಪರೀಕ್ಷೆ, ಕರುಳುಬೇನೆ ಲಸಿಕೆ, ಹುಲ್ಲಿನ ದಾಸ್ತಾನು. ಜೂನ್ ಬಂದ ಮೇಲೆ, ಮಳೆ ಹಿಡಿದ ದಿನ ಹೊಸ ಕುರಿಗಳು ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತವೆ. ಬಿಡಬೇಡಿ. ದಬ್ಬೆಯ ಮೇಲೆ ಒಣ ಜಾಗ, ಎದುರಿಗೆ ಕರಡ, ಜೊತೆಗೆ ಒಂದು ಹೊರೆ ಹಲಸಿನ ಸೊಪ್ಪು ಕಟ್ಟಿ ತೂಗುಹಾಕಿ. ಹಳೆಯವು ತಿನ್ನುವುದನ್ನು ನೋಡಿ ಅವೂ ಒಳಗೆ ತಿರುಗುತ್ತವೆ.